ಕಾಶಿಯ ಅಂಬಿಗರ ಋಣ

ಕಾಶಿಯ ಕೇದಾರ ಘಾಟ್‌ನಲ್ಲಿ ಕೆಂಪು-ಬಿಳಿ ಪಟ್ಟೆ ಬಳಿದ ಮೆಟ್ಟಿಲುಗಳು ನೀರಿಗಿಳಿಯುವ ಕಡೆ ಬೆಳಗಿನ ಜಾವ ಹೋಗಿ ನಿಂತರೆ ಒಂದು ಕೆಲಸ ಮತ್ತೆ ಮತ್ತೆ ನಡೆಯುವುದು ಕಾಣುತ್ತದೆ. ದಕ್ಷಿಣದಿಂದ ಬಂದ ಅಜ್ಜಿಯೊಬ್ಬರು ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಎದುರಿಗೆ ದೋಣಿ ತೂಗಾಡುತ್ತಿರುತ್ತದೆ. ಮೆಟ್ಟಿಲಿಗೂ ದೋಣಿಯ ಅಂಚಿಗೂ ನಡುವೆ ಒಂದು ಗೇಣು ನೀರು. ಅಂಬಿಗ ಒಂದು ಕಾಲನ್ನು ದೋಣಿಯಲ್ಲಿ, ಇನ್ನೊಂದನ್ನು ಮೆಟ್ಟಿಲ ಮೇಲೆ ಊರಿ ಆ ಗೇಣನ್ನು ತನ್ನ ತೊಡೆಯ ಬಲದಿಂದಲೇ ಮುಚ್ಚುತ್ತಾನೆ. ಆಮೇಲೆ ಕೈ ಚಾಚುತ್ತಾನೆ. ಅವನು ಹಿಡಿಯುವುದು ಅಂಗೈಯನ್ನಲ್ಲ, ಮುಂಗೈಯನ್ನು. ನೀರು ತಾಗಿದ ಅಂಗೈ ಜಾರುತ್ತದೆ. ‘ಅಮ್ಮಾ, ನೀಚೇ ಮತ್ ದೇಖಿಯೇ’ ಅನ್ನುತ್ತಾನೆ. ಕೆಳಗೆ ನೋಡಬೇಡಿ, ನನ್ನನ್ನು ನೋಡಿ. ಊರಿನಲ್ಲಿ ಮಗನ ಕೈ ಹಿಡಿಯಲೂ ಸಂಕೋಚಪಡುವ ಅಜ್ಜಿ, ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಆ ಮನುಷ್ಯನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ದಾಟುತ್ತಾರೆ.

ಅದಕ್ಕೆ ಐದು ನಿಮಿಷ ಮೊದಲು ಇದೇ ಅಂಬಿಗ ಅಜ್ಜಿಯ ಮಗನ ಜೊತೆ ಬಾಡಿಗೆಗೆ ಜೋರಾಗಿ ಚೌಕಾಸಿ ಮಾಡಿರುತ್ತಾನೆ. ನ್ಯಾಯವಾದ ದರಕ್ಕಿಂತ ಹೆಚ್ಚೇ ಕೇಳಿರುತ್ತಾನೆ. ಕಾಶಿಗೆ ಹೋಗಿಬಂದ ನಮ್ಮವರಲ್ಲಿ ಅರ್ಧ ಜನ ಹೇಳುವುದು ಚೌಕಾಸಿಯ ಕಥೆ, ಇನ್ನರ್ಧ ಜನ ಹೇಳುವುದು ಹಿಡಿದ ಕೈಯ ಕಥೆ. ಎರಡೂ ನಿಜ, ಮತ್ತು ಎರಡೂ ಒಬ್ಬನೇ ಮನುಷ್ಯನ ಕಥೆ. ನೀರಿನ ಮೇಲೆ ಪ್ರಯಾಣ ಮಾಡುವವರಿಗೆ ಗುರುತಿಲ್ಲದವರಿಂದ ಸಿಗುವ ಉಪಕಾರ ದುಡ್ಡಿನ ವ್ಯವಹಾರದಿಂದ ದೂರ ಎಲ್ಲೋ ಇರುವ ಪವಿತ್ರ ವಸ್ತುವಲ್ಲ ಎಂಬುದು ನನ್ನ ನಂಬಿಕೆ. ಅದು ವ್ಯವಹಾರದ ಪಕ್ಕದಲ್ಲೇ, ಅದೇ ದೋಣಿಯಲ್ಲೇ ಬದುಕುತ್ತದೆ. ಬಾಡಿಗೆ ಎಲ್ಲಿಗೆ ಮುಗಿಯುತ್ತದೆ, ಧರ್ಮ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ನದಿಯವರಲ್ಲಿ ಒಂದು ಗೆರೆ ಇದೆ.

ಆ ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ನದಿಯನ್ನು ಸ್ವಲ್ಪ ನೋಡಬೇಕು. ಹಿಮಾಲಯದಿಂದ ಇಳಿದು ಪೂರ್ವಕ್ಕೆ ಹರಿಯುವ ಗಂಗೆ ಕಾಶಿಯ ಹತ್ತಿರ ಬಳುಕಿ ಉತ್ತರಕ್ಕೆ ತಿರುಗುತ್ತಾಳೆ. ದಕ್ಷಿಣದ ಅಸ್ಸಿಯಿಂದ ಉತ್ತರದಲ್ಲಿ ವರುಣಾ ನದಿ ಸೇರುವ ಆದಿಕೇಶವದವರೆಗೆ ಊರೆಲ್ಲ ಪಶ್ಚಿಮದ ಎತ್ತರದ ದಂಡೆಯ ಮೇಲಿದೆ. ಎದುರು ದಂಡೆ ಬರೀ ಮರಳು. ಜನ ಹೇಳುವ ಲೆಕ್ಕದಲ್ಲಿ ಘಾಟ್‌ಗಳು 84. ಇಲ್ಲಿ ದೋಣಿ ನಡೆಸುವವರು ನಿಷಾದರು, ಮಲ್ಲಾಹರು. ಯಾವ ಘಾಟ್‌ನಲ್ಲಿ ಯಾರ ದೋಣಿ ನಿಲ್ಲಬೇಕು, ಯಾರ ‘ಬಾರಿ’ ಯಾವಾಗ ಎಂಬುದು ತಲೆಮಾರುಗಳಿಂದ ಮನೆತನಗಳ ನಡುವೆ ನಡೆದುಬಂದ ಕಟ್ಟು. ಒಬ್ಬರ ಬಾರಿಯನ್ನು ಇನ್ನೊಬ್ಬರು ಮುರಿದರೆ ಮೆಟ್ಟಿಲ ಮೇಲೇ ಜಗಳವಾಗುತ್ತದೆ. ಆದರೆ ನೀರಿನಲ್ಲಿ ಯಾರಾದರೂ ಕಾಲು ಜಾರಿದರೆ ಬಾರಿಯೂ ಇಲ್ಲ, ಘಾಟ್‌ನ ಗಡಿಯೂ ಇಲ್ಲ. ಹತ್ತಿರ ಇದ್ದವನು ಹಾರಬೇಕು.

ಜಾರುವವರು ಬೇಕಾದಷ್ಟು ಜನ. ಕಣ್ಣಿಗೆ ಕಾಣುವ ಕೊನೆಯ ಮೆಟ್ಟಿಲು ನಿಜವಾಗಿ ಕೊನೆಯದಲ್ಲ. ನೀರಿನ ಕೆಳಗೂ ಮೆಟ್ಟಿಲುಗಳು ಹೋಗುತ್ತವೆ, ಪಾಚಿ ಹಿಡಿದು ನುಣುಪಾಗಿರುತ್ತವೆ, ಕೆಲವು ಕಡೆ ತಟ್ಟನೆ ಮುಗಿದು ಆಳವಾಗುತ್ತವೆ. ಊರಿನ ಕೆರೆಯಲ್ಲಿ ಈಜಿದ ಧೈರ್ಯದಲ್ಲಿ ಇನ್ನೆರಡು ಹೆಜ್ಜೆ ಮುಂದಿಟ್ಟ ಹುಡುಗರು ಸೆಳವಿಗೆ ಸಿಗುತ್ತಾರೆ. ಅಲ್ಲಿ ಮುಳುಗು ಹಾಕುವವರನ್ನು ‘ಗೋತಾಖೋರ್’ ಎನ್ನುತ್ತಾರೆ. ಹೆಚ್ಚಿನವರು ಅಂಬಿಗರ ಮನೆಯ ಹುಡುಗರೇ. ಬದುಕಿದ್ದವರನ್ನು ಎಳೆದು ತರುವವರೂ ಅವರೇ, ಬದುಕದವರನ್ನು ಹುಡುಕುವವರೂ ಅವರೇ. ಸ್ನಾನಕ್ಕಿಳಿದ ಅಪರಿಚಿತರನ್ನು ದೋಣಿಯಿಂದಲೇ ಗದರಿಸಿ ಹಿಂದಕ್ಕೆ ಕಳಿಸುವ ಅಂಬಿಗರನ್ನು ನೀವು ನೋಡಿರಬಹುದು. ಆ ಗದರಿಕೆಯನ್ನು ಅನೇಕರು ಒರಟುತನ ಅಂದುಕೊಳ್ಳುತ್ತಾರೆ. ಅಲ್ಲಿ ಸಿಗುವ ಉಪಕಾರಗಳಲ್ಲಿ ಅದೂ ಒಂದು.

ಜನವರಿಯ ಒಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ದೋಣಿಯ ಮೂತಿ ನಮಗೆ ಕಾಣುತ್ತಿರಲಿಲ್ಲ. ನಾವಿದ್ದದ್ದು ಚಿಕ್ಕ ಮೋಟಾರು ದೋಣಿ. ನಡುನೀರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅಂಬಿಗ ಹುಡುಗನಿಗೆ ಇಪ್ಪತ್ತು ದಾಟಿರಲಿಲ್ಲ. ಹಗ್ಗ ಎಳೆದ, ಮತ್ತೆ ಎಳೆದ, ಪ್ಲಗ್ ಬಿಚ್ಚಿ ಅಂಗಿಯ ಅಂಚಿನಿಂದ ಒರೆಸಿದ. ದೋಣಿ ನಿಧಾನಕ್ಕೆ ಉತ್ತರದ ಕಡೆ ತೇಲತೊಡಗಿತು. ಆಗ ಅವನು ಎಂಜಿನ್ ಬಿಟ್ಟು ಎದ್ದು ನಿಂತು ಎರಡೂ ಕೈ ಬಾಯಿಗೆ ಹಿಡಿದು ಒಂದು ಕೂಗು ಹಾಕಿದ. ಅದರಲ್ಲಿ ಪದವಿರಲಿಲ್ಲ, ಉದ್ದನೆಯ ಸ್ವರ ಮಾತ್ರ. ಮಂಜಿನ ಒಳಗಿನಿಂದ ಅದೇ ಸ್ವರ ತಿರುಗಿ ಬಂತು. ಐದಾರು ನಿಮಿಷಕ್ಕೆ ಹುಟ್ಟು ಹಾಕುವ ಒಂದು ಹಳೆಯ ನಾವೆ ಕಾಣಿಸಿತು. ಅದರಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ ಮತ್ತು ಎರಡು ಮೂಟೆ ಇದ್ದವು. ಮುದುಕ ಏನೂ ಕೇಳಲಿಲ್ಲ. ಹಗ್ಗ ಎಸೆದ, ನಮ್ಮವನು ಹಿಡಿದು ಕಟ್ಟಿದ. ಹರಿವಿಗೆ ಎದುರಾಗಿ ಎಳೆಯದೆ ಓರೆಯಾಗಿ ದಂಡೆಯ ಕಡೆಗೆ ಎಳೆದುಕೊಂಡು ಹೋಗಿ, ಯಾವುದೋ ಘಾಟ್‌ನ ಬುಡದಲ್ಲಿ ನಮ್ಮನ್ನು ಬಿಟ್ಟ. ನಾವು ದುಡ್ಡು ತೆಗೆದೆವು. ಅವನು ನಮ್ಮ ಕಡೆ ನೋಡಲೇ ಇಲ್ಲ. ಹುಡುಗನಿಗೆ ‘ಕಲ್ ತೂ ಖೀಂಚ್ ದೇನಾ’ ಎಂದು ಹೇಳಿ ಹೊರಟುಹೋದ. ನಾಳೆ ನೀನು ಎಳೆ.

ನಮಗೆ ಸಿಕ್ಕಿದ ಸಹಾಯ ನಿಜವಾಗಿ ನಮಗಾಗಿ ಇರಲಿಲ್ಲ ಎಂದು ಆಗ ಅರ್ಥವಾಯಿತು. ಅದು ನೀರಿನವರು ನೀರಿನವರಿಗೆ ಮಾಡಿಕೊಳ್ಳುವ ಸಾಲ. ನಾವು ಆ ಸಾಲದ ಒಳಗೆ ಕೂತು ದಡ ಸೇರಿದೆವು. ಅದರಿಂದ ಉಪಕಾರ ಸಣ್ಣದಾಗುವುದಿಲ್ಲ. ಇಂಥ ಕಟ್ಟು ಇರುವುದರಿಂದಲೇ ಹೆಸರು-ಊರು ಕೇಳದೆ ಹಗ್ಗ ಎಸೆಯುವುದು ಸಾಧ್ಯವಾಗುತ್ತದೆ.

ಜಗತ್ತಿನ ಬೇರೆ ನೀರುಗಳಲ್ಲೂ ಹೀಗೇ. ಫ್ರಾನ್ಸಿನಲ್ಲಿ ಕಾಲುವೆಗಳ ಮೇಲೆ ದೋಣಿಯಲ್ಲಿ ವಾರಗಟ್ಟಲೆ ತಿರುಗುವವರು ಇದ್ದಾರೆ. ಅಲ್ಲಿನ ಪ್ರಸಿದ್ಧ ಕೆನಾಲ್ ದು ಮಿದಿ, ಪಿಯೆರ್ ಪೋಲ್ ರಿಕೆ ಎಂಬಾತ ಕಟ್ಟಿಸಿದ, 1681ರಲ್ಲಿ ಸಂಚಾರಕ್ಕೆ ತೆರೆದುಕೊಂಡ 240 ಕಿಲೋಮೀಟರ್ ಉದ್ದದ ಕಾಲುವೆ. ನೆಲದ ಏರುತಗ್ಗನ್ನು ದಾಟಿಸಲು ಅಲ್ಲಿ ಲಾಕ್ ಎಂಬ ನೀರಿನ ಕಟ್ಟೆಗಳಿವೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಇಳಿಸಿ, ಇನ್ನೊಂದು ಬಾಗಿಲು ತೆರೆಯುತ್ತಾರೆ. ನೀರು ನುಗ್ಗುವಾಗ ದೋಣಿ ಗೋಡೆಗೆ ಬಡಿಯದಂತೆ ಹಗ್ಗವನ್ನು ಮೇಲೆ ಎಸೆಯಬೇಕು, ಮೇಲೆ ನಿಂತವರು ಯಾರಾದರೂ ಅದನ್ನು ಗೂಟಕ್ಕೆ ಸುತ್ತಬೇಕು. ಕಟ್ಟೆ ಕಾಯುವವನಿಗೆ ಅದು ಸಂಬಳದ ಕೆಲಸ. ಪಕ್ಕದ ದೋಣಿಯವರು, ನಾಯಿ ಹಿಡಿದು ದಂಡೆಯ ಮೇಲೆ ನಡೆಯುತ್ತಿದ್ದವರು ಬಂದು ಹಗ್ಗ ಹಿಡಿದರೆ ಅದು ಉಪಕಾರ. ಕಾಲುವೆ ಪ್ರತಿ ಕೆಲವು ಮೈಲಿಗೊಮ್ಮೆ ಪ್ರಯಾಣಿಕನನ್ನು ನಿಲ್ಲಿಸಿ ಪರರ ಕೈಗೆ ಹಗ್ಗ ಕೊಡಿಸುತ್ತದೆ.

ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ 1876ರಲ್ಲಿ ಸ್ನೇಹಿತನ ಜೊತೆ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಾಲುವೆ-ನದಿಗಳಲ್ಲಿ ಎರಡು ಕಿರುದೋಣಿಗಳಲ್ಲಿ ಸಾಗಿದ. ನೆರೆ ಬಂದಿದ್ದ ಒಂದು ನದಿಯಲ್ಲಿ ಉರುಳಿಬಿದ್ದ ಮರಕ್ಕೆ ಸಿಕ್ಕಿ ದೋಣಿಯಿಂದ ಹೊರಗೆ ಬಿದ್ದ, ಹುಟ್ಟನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಲಾ ಫೇರ್ ಎಂಬ ಊರಿನಲ್ಲಿ ಒದ್ದೆ ಬಟ್ಟೆಯ ಇವರನ್ನು ತಿರುಗಾಡಿ ವ್ಯಾಪಾರಿಗಳೆಂದು ತಿಳಿದು ಒಂದು ಹೋಟೆಲಿನವರು ಹೊರಗೆ ಹಾಕಿದರು. ಇನ್ನೊಂದು ಬಡ ವಸತಿಯ ಗಂಡ-ಹೆಂಡತಿ ಒಳಗೆ ಕರೆದು ಉಣ್ಣಲು ಕೊಟ್ಟರು. ಎರಡು ವರ್ಷದ ನಂತರ ಬಂದ ಅವನ ಪ್ರವಾಸ ಪುಸ್ತಕದಲ್ಲಿ ಎರಡೂ ಬಾಗಿಲುಗಳ ವಿವರವಿದೆ.

ಗಂಗೆಯಲ್ಲಿ ಪ್ರಯಾಣಿಕನನ್ನು ನಿಲ್ಲಿಸುವ ಕೆಲಸವನ್ನು ಕಟ್ಟೆಗಳ ಬದಲು ಮರಳು ಮಾಡುತ್ತದೆ. ಮಳೆಗಾಲ ಕಳೆದ ಮೇಲೆ ಪ್ರತಿವರ್ಷ ದಿಣ್ಣೆಗಳು ಜಾಗ ಬದಲಿಸುತ್ತವೆ. ಹೋದ ವರ್ಷದ ಆಳ ಈ ವರ್ಷದ ಆಳವಲ್ಲ. ಇಂಗ್ಲಿಷ್ ಪ್ರವಾಸಿ ಎರಿಕ್ ನ್ಯೂಬಿ 1963ರ ಡಿಸೆಂಬರಿನಲ್ಲಿ, ತನ್ನ 44ನೇ ಹುಟ್ಟುಹಬ್ಬದ ದಿನ, ಹೆಂಡತಿ ವಾಂಡಾ ಜೊತೆ ಹರಿದ್ವಾರದಿಂದ ದೋಣಿ ಬಿಟ್ಟ. ಮೊದಲ ಆರು ದಿನಗಳಲ್ಲಿ ದೋಣಿ 63 ಸಲ ನೆಲ ಕಚ್ಚಿತು. ದೊಡ್ಡ ಅಳತೆಯ ನಕ್ಷೆ ಅವನಿಗೆ ಸಿಕ್ಕಿರಲಿಲ್ಲ. ನಕ್ಷೆ ಇಲ್ಲದವನು ಕೇಳಲೇಬೇಕು: ಮೀನು ಹಿಡಿಯುವವನನ್ನು, ಕಲ್ಲಂಗಡಿ ಪಾತಿಗೆ ನೀರು ಹಾಕುವವನನ್ನು, ಎಮ್ಮೆ ಮೈ ತೊಳೆಯುವ ಹುಡುಗನನ್ನು. ಹಾಗೆ ಕೇಳುತ್ತ ಕೇಳುತ್ತ ಗಂಡ-ಹೆಂಡತಿ ಕಾಶಿಯನ್ನೂ ದಾಟಿ ಬಂಗಾಳ ಕೊಲ್ಲಿಯವರೆಗೆ ಹೋದರು, ಕೆಲವು ಕಡೆ ರೈಲು, ಬಸ್ಸು, ಎತ್ತಿನ ಗಾಡಿಯಲ್ಲಿ. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ದೋಣಿಗಳಲ್ಲಿ ಗಂಗಾಸಾಗರದಿಂದ ಹಿಮಾಲಯದ ಕಡೆ ಹೊರಟಾಗ ಊರೂರಿನ ದಂಡೆಯಲ್ಲಿ ಜನ ಕಿಕ್ಕಿರಿದರು, ಕಾಶಿಯಲ್ಲಿ ಪೂಜೆ ಮಾಡಿ ಹರಸಿದರು. ಎವರೆಸ್ಟ್ ಹತ್ತಿದವನೆಂಬ ಗೌರವ ಅದರಲ್ಲಿ ಇತ್ತು, ನಿಜ. ಗಂಗೆಯ ಮೇಲೆ ಮೇಲ್ಮುಖವಾಗಿ ಹೋಗುವವನು ಯಾತ್ರಿಕ ಎಂಬ ಭಾವನೆಯೂ ಅಷ್ಟೇ ಇತ್ತು.

ಇನ್ನು ಈ ಅಂಬಿಗರು ಯಾರು ಎಂಬುದಕ್ಕೆ ಬರುತ್ತೇನೆ. ಅದನ್ನು ಹೇಳದೆ ಅವರ ದಯೆಯನ್ನು ಹೊಗಳಿದರೆ ಅನ್ಯಾಯವಾಗುತ್ತದೆ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿಗೆ ಮುಂದೆ ಮಲ್ಲಾಹರ ಕೆಲವು ಗುಂಪುಗಳೂ ಸೇರಿದವು. ನದಿಯಲ್ಲಿ ಎಲ್ಲಿ ಬೇಕಾದರೂ ಹೋಗಬಲ್ಲವರನ್ನು ಸರ್ಕಾರ ನಂಬಲಿಲ್ಲ. ಅವರು ಹುಟ್ಟಿನಿಂದಲೇ ಕಳ್ಳರೆಂದು ಕಾಗದದಲ್ಲಿ ಬರೆಯಿತು. ಅದೇ ವರ್ಷಗಳಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಮುದುಕರು, ವಿಧವೆಯರು, ಸೊಂಟದಲ್ಲಿ ದುಡ್ಡಿನ ಗಂಟು ಕಟ್ಟಿಕೊಂಡ ಯಾತ್ರಿಕರು ಅವರದೇ ದೋಣಿಯಲ್ಲಿ ಕೂತು ನಡುನೀರಿಗೆ ಹೋಗಿ ಬರುತ್ತಿದ್ದರು. ಅಪರಾಧಿ ಎಂದು ಕರೆಸಿಕೊಂಡ ಸಮುದಾಯದ ಕೈಯಲ್ಲಿ ಜನ ತಮ್ಮ ಜೀವವನ್ನು ದಿನವೂ ಇಡುತ್ತಿದ್ದರು. ಸ್ವಾತಂತ್ರ್ಯದ ನಂತರ ಕಾಯ್ದೆ ಹೋಯಿತು. ಕಷ್ಟ ಬೇರೆ ರೂಪದಲ್ಲಿ ಬಂತು. 1989ರಲ್ಲಿ ರಾಮನಗರದಿಂದ ಮಾಳವೀಯ ಸೇತುವೆಯವರೆಗಿನ 7 ಕಿಲೋಮೀಟರ್ ನದಿಯನ್ನು ಆಮೆಗಳ ಅಭಯಧಾಮ ಎಂದು ಘೋಷಿಸಿದಾಗ ಮರಳು ತೆಗೆಯುವುದಕ್ಕೂ ಮರಳಿನ ಮೇಲೆ ಬೆಳೆ ತೆಗೆಯುವುದಕ್ಕೂ ತಡೆ ಬಿತ್ತು. ಕಾರಣ ಒಳ್ಳೆಯದೇ ಇರಬಹುದು; ಬೇಸಿಗೆಯ ಒಂದು ದುಡಿಮೆ ಹೋದದ್ದು ಮಾತ್ರ ನದಿಯ ಮೇಲೆ ಬದುಕುವವರಿಗೆ. ಪ್ರವಾಸಿಗನ ಹತ್ತಿರ ಹೆಚ್ಚು ಬಾಡಿಗೆ ಕೇಳುವ ಅಂಬಿಗನ ಹಿಂದೆ ಈ ಚರಿತ್ರೆಯೂ ನಿಂತಿದೆ. ಅದನ್ನು ನೆನೆದರೆ ಚೌಕಾಸಿಯ ಕಹಿ ಸ್ವಲ್ಪ ಕಡಿಮೆಯಾಗುತ್ತದೆ, ನನಗಂತೂ ಆಗಿದೆ.

ಆ ಸಮುದಾಯ ತನ್ನನ್ನು ತಾನು ಕಾಣುವ ರೀತಿ ಬೇರೆ. ವನವಾಸಕ್ಕೆ ಹೊರಟ ರಾಮನನ್ನು ಗಂಗೆ ದಾಟಿಸಿದ ಕೇವಟ ನಮ್ಮವನು ಎಂದು ಅವರು ಹೇಳಿಕೊಳ್ಳುತ್ತಾರೆ. ನಾವು ಗುಹನ ಕಥೆ ಬಲ್ಲೆವು. ಕಾಶಿಯವರಿಗೆ ಬಾಯಿಗೆ ಬರುವುದು ತುಳಸೀದಾಸರ ಕೇವಟ. ಅವನು ಕಾಲು ತೊಳೆಯದೆ ದೋಣಿ ಹತ್ತಿಸಲಿಲ್ಲ, ದಾಟಿಸಿದ ಮೇಲೆ ಉಂಗುರ ಕೊಟ್ಟರೂ ಮುಟ್ಟಲಿಲ್ಲ. ನಮ್ಮಲ್ಲಿ ಹನ್ನೆರಡನೇ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯ ಇದ್ದ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಅವನ ಹೆಸರಿನ ಊರು. ಸೇತುವೆಗಳು ಬರುವ ಮೊದಲು ನಮ್ಮ ನದಿಗಳ ದಂಡೆಯ ಹಳ್ಳಿಗಳಲ್ಲಿ ಹರಿಗೋಲಿನವನಿಗೆ ದಾಟಿದ ಪ್ರತಿ ಸಲ ಕಾಸು ಕೊಡುತ್ತಿರಲಿಲ್ಲ, ಸುಗ್ಗಿಯಲ್ಲಿ ಆಯದ ಕಾಳು ಅಳೆಯುತ್ತಿದ್ದರು. ದಾಟಿಸುವುದು ಕೂಲಿಯೂ ಹೌದು, ಕೂಲಿಗಿಂತ ಬೇರೆಯದೂ ಹೌದು ಎಂಬ ತಿಳಿವಳಿಕೆ ಕಾಶಿಯ ಸ್ವತ್ತಲ್ಲ. ಅದನ್ನು ನಮ್ಮ ಹಿರಿಯರು ಇಲ್ಲಿಂದಲೇ ಒಯ್ದಿದ್ದರು.

ಹಾವೇರಿ ಕಡೆಯ ಒಂದು ಕುಟುಂಬದ ಜೊತೆ ನಾನು ಒಮ್ಮೆ ದೋಣಿ ಹಂಚಿಕೊಂಡೆ. ಅವರು ತಂದೆಯ ಅಸ್ಥಿ ತಂದಿದ್ದರು. ಮಗನಿಗೆ ಐವತ್ತರ ಆಸುಪಾಸು, ದಿನವೆಲ್ಲ ಮಾತಾಡುವ ಮನುಷ್ಯ. ಆ ಬೆಳಿಗ್ಗೆ ಮಾತಿಲ್ಲ. ಅಂಬಿಗ ಹರಿಶ್ಚಂದ್ರ ಘಾಟ್ ದಾಟಿ ನಡುನೀರಿಗೆ ಬಂದ ಮೇಲೆ ಹುಟ್ಟು ನಿಲ್ಲಿಸಿ ಗಾಳಿಗೆ ಮುಖ ಒಡ್ಡಿ ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ದೋಣಿಯನ್ನು ತಿರುಗಿಸಿದ, ಗಾಳಿ ಮಗನ ಬೆನ್ನಿಗೆ ಬರುವ ಹಾಗೆ. ಬೂದಿ ಎದುರು ಗಾಳಿಗೆ ಹಾರಿ ಮಕ್ಕಳ ಮೈಮೇಲೆ ಬೀಳಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಡಕೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಗಂಟು ತೇವಕ್ಕೆ ಬಿಗಿದುಕೊಂಡಿತ್ತು. ಮಗನ ಬೆರಳು ನಡುಗುತ್ತಿದ್ದವು, ಗಂಟು ಬಿಚ್ಚಲಾಗಲಿಲ್ಲ. ಜೊತೆಗಿದ್ದವರು ಯಾರೂ ಮುಂದೆ ಬರಲಿಲ್ಲ, ಬರಬಹುದೋ ಬಾರದೋ ಎಂಬ ಅನುಮಾನ ಎಲ್ಲರಿಗೂ. ಅಂಬಿಗ ಹುಟ್ಟನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು ಬಗ್ಗಿ ಕೈಯನ್ನು ಗಂಗೆಯಲ್ಲಿ ತೊಳೆದುಕೊಂಡ. ಆಮೇಲೆ ‘ಭಯ್ಯಾ, ಮೈ ಖೋಲ್ ದೂಂ?’ ಎಂದು ಕೇಳಿದ. ಅಣ್ಣಾ, ನಾನು ಬಿಚ್ಚಲೇ? ಮಗ ತಲೆಯಾಡಿಸಿದ. ಗಂಟು ಬಿಚ್ಚಿ, ಬಟ್ಟೆಯ ಅಂಚನ್ನು ಮಗನ ಕೈಗೆ ಕೊಟ್ಟು, ಹಿಂದೆ ಸರಿದು ಮತ್ತೆ ಹುಟ್ಟು ಹಿಡಿದು ಕೂತ. ಮುಗಿಯುವವರೆಗೂ ಹರಿವಿಗೆ ಎದುರಾಗಿ ಸಣ್ಣಗೆ ಹುಟ್ಟು ಹಾಕುತ್ತ ದೋಣಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿದ್ದ.

ದಡಕ್ಕೆ ಬಂದ ಮೇಲೆ ಮಾತಾಡಿದಷ್ಟೇ ಬಾಡಿಗೆ ತೆಗೆದುಕೊಂಡ. ಮಗ ಮೇಲೆ ಇನ್ನೂರು ಕೊಟ್ಟಾಗ ಅದನ್ನೂ ತೆಗೆದುಕೊಂಡ. ಬೇಡ ಎನ್ನಲಿಲ್ಲ, ಇನ್ನಷ್ಟು ಎನ್ನಲೂ ಇಲ್ಲ. ಕೈ ತೊಳೆದುಕೊಂಡು ಕೇಳಿದ್ದಕ್ಕೆ ಬೆಲೆ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕನ್ನಡಿಗರ ಕಾಶಿಯನ್ನು ನೋಡಬೇಕಾದರೂ ದೋಣಿಯೇ ಒಳ್ಳೆಯದು. ಹನುಮಾನ್ ಘಾಟ್‌ಗೂ ಹರಿಶ್ಚಂದ್ರ ಘಾಟ್‌ಗೂ ನಡುವೆ ಕರ್ನಾಟಕ ಘಾಟ್ ಇದೆ. ಮೈಸೂರು ಸಂಸ್ಥಾನ ಕಟ್ಟಿಸಿದ್ದು, ಮೊದಲು ಮೈಸೂರು ಘಾಟ್ ಅನ್ನುತ್ತಿದ್ದರು. ಅದರ ಮೇಲೆ ನಮ್ಮ ಸರ್ಕಾರದ ಛತ್ರವಿದೆ. ಹರಿವಿನ ಜೊತೆ ಕೆಳಗೆ ಹೋದರೆ ಪಂಚಗಂಗಾ ಘಾಟ್‌ನ ಆಸುಪಾಸಿನ ಬ್ರಹ್ಮಾ ಘಾಟ್‌ನಲ್ಲಿ ಕರಾವಳಿಯ ಗೌಡ ಸಾರಸ್ವತರ ಕಾಶೀ ಮಠದ ಮೂಲ ಸ್ಥಾನ. ದಂಡೆಯಿಂದ ಒಳಗೆ, ಗೋದೌಲಿಯಾದ ಹತ್ತಿರ, ವೀರಶೈವರ ಪಂಚಪೀಠಗಳಲ್ಲಿ ಒಂದಾದ ಜ್ಞಾನಸಿಂಹಾಸನದ ಜಂಗಮವಾಡಿ ಮಠ. ಅಗಲಿದವರ ನೆನಪಿಗೆಂದು ಭಕ್ತರು ಪ್ರತಿಷ್ಠಾಪಿಸಿದ ಸಾವಿರಾರು ಲಿಂಗಗಳು ಅಲ್ಲಿವೆ. ಮೊಘಲ್ ಬಾದಷಹರು ಮಠದ ಜಮೀನಿಗೆ ಕೊಟ್ಟ ಫರ್ಮಾನುಗಳನ್ನೂ ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು.

ಇವೆಲ್ಲಕ್ಕಿಂತ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಒಂದು ಶಾಸನದ ಹತ್ತಿರ. 1279ರದು. ಕಾಶಿಗೆ ಹೋದವರಿಂದ ಅಲ್ಲಿನ ತುರುಷ್ಕ ಆಡಳಿತ ತೆರಿಗೆ ವಸೂಲು ಮಾಡುತ್ತಿತ್ತು. ಆ ತೆರಿಗೆ ಕಟ್ಟಲೆಂದು ಹೊಯ್ಸಳ ದೊರೆ ಮೂರನೆಯ ನರಸಿಂಹ ಹೆಬ್ಬಾಲೆ ಎಂಬ ಊರಿನ ಹುಟ್ಟುವಳಿಯನ್ನು ಬಿಟ್ಟುಕೊಟ್ಟ. ವರ್ಷಕ್ಕೆ 645 ನಿಷ್ಕ. ಅದು ಕನ್ನಡಿಗರಿಗೆ ಮಾತ್ರ ಅಲ್ಲ. ತೆಲುಗರು, ತುಳುವರು, ದೂರದ ಗೌಡ ದೇಶದವರು ಕೂಡ ಆ ಪಟ್ಟಿಯಲ್ಲಿದ್ದರು. ಎಂದೂ ನೋಡದ, ನೋಡಲೂ ಆಗದ ಜನರ ತೆರಿಗೆಗೆ ಕನ್ನಡ ನೆಲದ ಒಂದು ಹಳ್ಳಿಯ ಬೆಳೆ ಹೋಗುತ್ತಿತ್ತು. ದೊರೆಯ ಹೆಸರು ಶಾಸನದಲ್ಲಿ ಉಳಿಯಿತು. ಆ ಬೆಳೆ ತೆಗೆದ ಹೆಬ್ಬಾಲೆಯ ರೈತರಿಗೆ ತಮ್ಮ ಕಂದಾಯ ಯಾರನ್ನು ಗಂಗೆಗೆ ಮುಟ್ಟಿಸುತ್ತಿದೆ ಎಂಬುದು ಗೊತ್ತಿತ್ತೋ ಇಲ್ಲವೋ. ಯಾತ್ರಿಕರಿಗಂತೂ ಆ ರೈತರ ಹೆಸರು ತಿಳಿಯುವ ದಾರಿಯೇ ಇರಲಿಲ್ಲ. 2022ರಲ್ಲಿ ಕರ್ನಾಟಕ ಸರ್ಕಾರ ಕಾಶಿಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಶುರುಮಾಡಿತು; ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಹೊರಟಿತು. ಅದಕ್ಕೂ ಏಳು ಶತಮಾನದ ಹಿಂದಿನ ಈ ದಾನಕ್ಕೂ ನಂಟಿದೆ ಎಂದು ನಾನು ತಿಳಿಯುತ್ತೇನೆ, ಒಂದು ವ್ಯತ್ಯಾಸದೊಡನೆ: ಹೊಯ್ಸಳರ ಪಟ್ಟಿಯಲ್ಲಿ ಹೊರಗಿನವರಿಗೂ ಜಾಗವಿತ್ತು.

ನದಿ ಏರಿದಾಗ ಎಲ್ಲ ಲೆಕ್ಕಗಳೂ ಬದಲಾಗುತ್ತವೆ. ಕಾಶಿಯಲ್ಲಿ ಗಂಗೆಯ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262. 1978ರಲ್ಲಿ ನೀರು 73.901ಕ್ಕೆ ಮುಟ್ಟಿತ್ತು, ಅದೇ ಈವರೆಗಿನ ಗರಿಷ್ಠ. 2016ರಲ್ಲಿ, 2021ರಲ್ಲಿ, 2022ರಲ್ಲಿ ಅಪಾಯದ ಗೆರೆ ದಾಟಿತು. ಆಗ ಘಾಟ್‌ನಿಂದ ಘಾಟ್‌ಗೆ ನಡೆಯುವ ದಾರಿ ಮುಳುಗುತ್ತದೆ, ಗಂಗಾರತಿ ಮಾಳಿಗೆಯ ಮೇಲೆ ನಡೆಯುತ್ತದೆ, ಮಣಿಕರ್ಣಿಕೆಯಲ್ಲಿ ಚಿತೆಗಳನ್ನು ಮೇಲಿನ ಕಟ್ಟೆಗಳ ಮೇಲೆ ಒಟ್ಟುತ್ತಾರೆ. ಪ್ರವಾಸಿ ದೋಣಿಗಳನ್ನು ಆಡಳಿತ ನಿಲ್ಲಿಸುತ್ತದೆ, ಅಂಬಿಗನ ಸಂಪಾದನೆ ಅಲ್ಲಿಗೆ ನಿಲ್ಲುತ್ತದೆ. ಗಂಗೆಯ ಒತ್ತಡಕ್ಕೆ ವರುಣಾ ನದಿ ಹಿಮ್ಮುಖವಾಗಿ ಏರಿ ಅದರ ದಂಡೆಯ ಬಡ ಬಡಾವಣೆಗಳಿಗೆ ನುಗ್ಗುತ್ತದೆ. ವಾರಾಣಸಿಯಲ್ಲೇ ನೆಲೆ ಇರುವ ಎನ್‌ಡಿಆರ್‌ಎಫ್‌ನ 11ನೇ ಪಡೆಯ ರಬ್ಬರ್ ದೋಣಿಗಳು ಇಳಿಯುತ್ತವೆ. ಜೊತೆಗೇ ಮರದ ನಾವೆಗಳೂ ಬೀದಿಗೆ ಬರುತ್ತವೆ. ಹಾಲು, ಔಷಧಿ, ಮೇಣದಬತ್ತಿ, ಬಸುರಿ ಹೆಂಗಸರು, ಮುದುಕರು ಅವುಗಳಲ್ಲಿ ಹೋಗುತ್ತಾರೆ. ಅಂಬಿಗನ ಸ್ವಂತ ಮನೆಯೂ ಸಾಮಾನ್ಯವಾಗಿ ನೀರಿನ ಹತ್ತಿರದ ಓಣಿಯಲ್ಲೇ ಇರುತ್ತದೆ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿದಾಗ ಕಾಶಿಯಲ್ಲಿ ದಕ್ಷಿಣದ ನೂರಾರು ಯಾತ್ರಿಕರು ಸಿಕ್ಕಿಬಿದ್ದರು, ಕರ್ನಾಟಕದವರೂ ಇದ್ದರು. ಹೆಚ್ಚಿನವರು ವಯಸ್ಸಾದವರು, ಕೈಯಲ್ಲಿದ್ದದ್ದು ಒಂದು ವಾರದ ಮಾತ್ರೆ, ಒಂದು ವಾರದ ದುಡ್ಡು. ಏಪ್ರಿಲಿನಲ್ಲಿ ಬಸ್ಸುಗಳು ಹೊರಡುವವರೆಗೆ ಛತ್ರ, ಆಶ್ರಮಗಳೇ ಅವರಿಗೆ ಮನೆಯಾದವು. ದೋಣಿಗಳನ್ನು ಆಗ ದಂಡೆಗೆ ಕಟ್ಟಿಹಾಕಲಾಗಿತ್ತು. ಅಂಬಿಗರ ಮನೆಗಳಲ್ಲೇ ಒಲೆ ಉರಿಯುವುದು ಕಷ್ಟವಾಗಿದ್ದ ಆ ದಿನಗಳಲ್ಲಿ ಉಪಕಾರ ಮಾಡಬೇಕಾದ ಸರದಿ ಯಾರದಾಗಿತ್ತು ಎಂಬುದನ್ನು ಯಾತ್ರಿಕರಾದ ನಾವು ಕೇಳಿಕೊಳ್ಳಬೇಕು.

ಈಗ ನದಿ ಬದಲಾಗುತ್ತಿದೆ. ಪ್ರಯಾಗದಿಂದ ಹಲ್ದಿಯಾವರೆಗೆ 1,620 ಕಿಲೋಮೀಟರ್ ಗಂಗೆ ರಾಷ್ಟ್ರೀಯ ಜಲಮಾರ್ಗ 1. ಹುಟ್ಟಿನ ಜಾಗಕ್ಕೆ ಬಂದಿದ್ದ ಡೀಸೆಲ್ ಎಂಜಿನ್‌ಗಳ ಜಾಗಕ್ಕೆ ಸಿಎನ್‌ಜಿ ಬಂದಿದೆ, ನಮೋ ಘಾಟ್‌ನಲ್ಲಿ ನೀರಿನ ಮೇಲೆ ತೇಲುವ ಗ್ಯಾಸ್ ಬಂಕ್ ಇದೆ. ಹೊಗೆ, ಸದ್ದು ಕಡಿಮೆಯಾದದ್ದು ನಿಜವಾದ ಒಳ್ಳೆಯ ಕೆಲಸ. 2023ರ ಜನವರಿ 13ರಂದು ವಾರಾಣಸಿಯಿಂದ ಗಂಗಾ ವಿಲಾಸ್ ಎಂಬ ವಿಹಾರ ನೌಕೆ 32 ಮಂದಿ ಸ್ವಿಸ್ ಪ್ರವಾಸಿಗರನ್ನು ಹೊತ್ತು ದಿಬ್ರೂಗಢದ ಕಡೆ ಹೊರಟಿತು. 3,200 ಕಿಲೋಮೀಟರ್, 51 ದಿನ. ಅದರಲ್ಲಿ ಊಟ, ಹಾಸಿಗೆ, ವ್ಯಾಯಾಮಶಾಲೆ ಎಲ್ಲ ಇದ್ದವು. ಎಲ್ಲವೂ ಒಳಗೇ ಇರುವ ದೋಣಿಗೆ ದಡದ ಕಡೆ ಕೂಗು ಹಾಕುವ ಪ್ರಸಂಗ ಬರುವುದಿಲ್ಲ. ಮಂಜಿನಲ್ಲಿ ಹಗ್ಗ ಎಸೆಯುವ ಮುದುಕನಿಗೂ ಅದರ ಪ್ರಯಾಣಿಕನಿಗೂ ಭೇಟಿಯೇ ಆಗುವುದಿಲ್ಲ. ನನಗೆ ಚಿಕ್ಕ ದೋಣಿಗಳ ಪಕ್ಷಪಾತವಿದೆ, ಅದಕ್ಕೆ ಕಾರಣ ಇದೊಂದೇ.

ಅಪರಿಚಿತರ ಇಂಥ ಉಪಕಾರವನ್ನೇ ನಂಬಿ ನಮ್ಮ ಹಿರಿಯರನ್ನು ಕಾಶಿಗೆ ಕಳಿಸುವಾಗ ಒಂದು ಚೀಟಿ ಬರೆದು ಸೆರಗಿನ ತುದಿಗೋ ಜೇಬಿಗೋ ಸೇರಿಸಿ ಕಳಿಸಿ. ಉಳಿದುಕೊಂಡಿರುವ ಜಾಗದ ಹೆಸರು ಹಿಂದಿಯಲ್ಲಿ, ಹತ್ತಿರದ ಘಾಟ್‌ನ ಹೆಸರು, ಜೊತೆಯವರ ಫೋನ್ ನಂಬರು. ಇದನ್ನು ಸಹಾಯಧನದ ಅರ್ಜಿಯ ಜೊತೆಗೇ ಇಲಾಖೆಯವರು ಅಚ್ಚು ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು. ಸಹಾಯ ಮಾಡುವ ಮನಸ್ಸಿದ್ದವನಿಗೂ ಹಿಡಿದುಕೊಳ್ಳಲು ಒಂದು ತುದಿ ಬೇಕು.

ಜಂಗಮವಾಡಿ ಮಠದ ಕಚೇರಿಯ ಎದುರು ನಾನು ಕೂತಿದ್ದ ಒಂದು ಮಧ್ಯಾಹ್ನ ಬ್ಯಾಟರಿ ರಿಕ್ಷಾದವನೊಬ್ಬ ಒಬ್ಬ ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದ. ದಶಾಶ್ವಮೇಧದಲ್ಲಿ ದೋಣಿಯಿಂದ ಇಳಿಯುವಾಗ ಗುಂಪು ತಪ್ಪಿತ್ತು. ಅವರಿಗೆ ಹಿಂದಿ ಒಂದಕ್ಷರ ಬರದು, ಫೋನು ಮಗನ ಹತ್ತಿರ. ಎರಡು ಗಂಟೆ ಮೆಟ್ಟಿಲ ಮೇಲೆ ಕೂತು ಅವರು ಹೇಳುತ್ತಿದ್ದದ್ದು ‘ಜಂಗಮವಾಡಿ, ಜಂಗಮವಾಡಿ’ ಎಂಬ ಒಂದೇ ಮಾತು. ಕೊನೆಗೆ ಒಬ್ಬ ಅಂಬಿಗನ ಕಿವಿಗೆ ಅದು ಬಿತ್ತು. ತನ್ನ ಬಾರಿ ಬರುವ ಹೊತ್ತಿಗೆ ಸಾಲು ಬಿಟ್ಟು ಎದ್ದು, ಅವರನ್ನು ಮೆಟ್ಟಿಲು ಹತ್ತಿಸಿ ಜನಜಂಗುಳಿ ದಾಟಿಸಿ ರಿಕ್ಷಾದಲ್ಲಿ ಕೂರಿಸಿದನಂತೆ. ಇದನ್ನೆಲ್ಲ ಹೇಳಿದವನು ರಿಕ್ಷಾದವನು. ಮಠದವರು ಕೊಟ್ಟ ಬಾಡಿಗೆಯನ್ನು ಎಣಿಸಿ ಜೇಬಿಗೆ ಹಾಕಿಕೊಂಡ, ರಿಕ್ಷಾ ತಿರುಗಿಸಿದ, ಮತ್ತೆ ನಿಲ್ಲಿಸಿ ಇಳಿದು ಬಂದ. ಅಂಬಿಗ ಹೇಳಿಕಳಿಸಿದ ಒಂದು ಮಾತು ಮರೆತಿದ್ದೆ ಎಂದ: ಮಾತಾಜಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೊದಲು ಊಟ ಹಾಕಿ, ಆಮೇಲೆ ವಿಚಾರಿಸಿ. ಕಚೇರಿಯ ಹುಡುಗ ಅವರನ್ನು ಕೈಹಿಡಿದು ದಾಸೋಹದ ಕಡೆ ಕರೆದುಕೊಂಡು ಹೋದ. ಅಲ್ಲಿ ಎರಡನೇ ಪಂಕ್ತಿಗೆ ಇನ್ನೂ ಎಲೆ ಹಾಕುತ್ತಿದ್ದರು.